ಮೂರನೆಯ ಟಿಕೇಟು

ಇಂಥ ಬರಹ ಕೈಗೆ ಸಿಕ್ಕಾಗ ನಾನು ಮೊದಲು ಹುಡುಕುತ್ತಿದ್ದುದು, ಬರೆದವನು ಎಲ್ಲಿ ಸುಳ್ಳು ಹೇಳಿದ್ದಾನೆ ಎಂಬುದನ್ನು. ಬಾವಿಯೊಳಗೆ ಕಂಡ ಬೆಳಕು, ಹೆಸರು ಹಿಡಿದು ಕೂಗಿದ ದನಿ, ಕನಸಿನಲ್ಲಿ ಬಂದು ಕೀಲಿಕೈ ಇಟ್ಟ ಜಾಗ ತೋರಿಸಿದ ಅಜ್ಜಿ, ಇವೆಲ್ಲ ನನ್ನ ಪಾಲಿಗೆ ಹೊತ್ತು ಹೋಗದವರ ಕಟ್ಟುಕತೆಗಳು. ತಪ್ಪು ತಿಳಿಯಬೇಡಿ, ಇದು ನನ್ನ ಕಸುಬು ಕಲಿಸಿದ ಬುದ್ಧಿ. ನಾನು ರೈಲ್ವೆಯಲ್ಲಿ ಟಿ.ಸಿ. ಟಿಕೇಟು ತೆಗೆದವನು ಯಾರು, ತೆಗೆಯದವನು ಯಾರು ಎಂಬುದನ್ನು ಅವರು ಬಾಯಿ ಬಿಡುವ ಮೊದಲೇ ಮುಖ ನೋಡಿ ಹೇಳಬಲ್ಲೆ. ನಿದ್ದೆ ಹೋದಂತೆ ನಟಿಸುವವರು, ಪರ್ಸು ಕಳೆಯಿತೆಂದು ಕಣ್ಣೀರು ಹಾಕುವವರು, ಹನ್ನೆರಡು ವರ್ಷದ ಮಗಳನ್ನು ಮಡಿಲಲ್ಲಿ ಮುದುಡಿಸಿಕೊಂಡು ನಾಲ್ಕು ವರ್ಷ ಎನ್ನುವವರು, ಎಲ್ಲರನ್ನೂ ನೋಡಿ ಆಗಿದೆ. "ದೇವರು ಪ್ರತ್ಯಕ್ಷ ಆಗಿ ವರ ಕೇಳು ಅಂದ್ರೂ ನೀವು ಮೊದಲ ಐ.ಡಿ. ಕಾರ್ಡ್ ತೋರ್ಸು ಅಂತೀರಿ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅದರಲ್ಲಿ ಅತಿಶಯೋಕ್ತಿ ಏನೂ ಇಲ್ಲ.

ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನನ್ನನ್ನು ನಂಬಬೇಕೆಂದು ನಾನು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ರಾತ್ರಿಯ ಕತೆಯಲ್ಲ, ಸ್ಮಶಾನದ್ದೂ ಅಲ್ಲ. ಹೈದರಾಬಾದಿನಲ್ಲಿ, ಹಾಡಹಗಲಲ್ಲಿ, ಸಾವಿರಾರು ಜನರ ನಡುವೆ ಊರು ನೋಡುತ್ತ ತಿರುಗಾಡಿದ ಒಂದು ದಿನದ ಸಂಗತಿ. ಐದಾರು ವರ್ಷ ಆಗಿರಬೇಕು.

ಅದಕ್ಕೆ ಮೊದಲು ನನ್ನ ಚಿಗವ್ವನ ವಿಷಯ ಹೇಳಬೇಕು. ಚಿಗವ್ವ ಎಂದರೆ ನನ್ನ ಕಾಕಾ ಶರಣಪ್ಪನವರ ಹೆಂಡತಿ. ನಮ್ಮದು ಶಹಾಬಾದ್ ಕಡೆಯ ಊರು. ನಮ್ಮಲ್ಲಿ ನೆಲ ಅಗೆದರೆ ನೀರಿಗಿಂತ ಮೊದಲು ಫರಸಿ ಕಲ್ಲು ಸಿಗುತ್ತದೆ. ಕಾಕಾ ಆ ಫರಸಿ ಹಾಸುವ ಗೌಂಡಿ. ಕಲ್ಲು ಕೂಡಿಸಿದ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ದನಿ ಪೊಳ್ಳು ಬಂದರೆ ಕೆಳಗೆ ಗಾರೆ ಸರಿಯಾಗಿ ಕೂತಿಲ್ಲ ಎಂದರ್ಥ. ಮಾಲೀಕ ಸಾಕು ಎಂದರೂ ಕೇಳದೆ ಆ ಕಲ್ಲನ್ನು ಎಬ್ಬಿಸಿ ಮತ್ತೆ ಕೂಡಿಸುತ್ತಿದ್ದರು. ಮೂಲೆಗೆ ಬಂದಾಗ ಉಳಿದ ಜಾಗಕ್ಕೆ ಎಲ್ಲರೂ ಒಂದು ಚೂರು ಕಲ್ಲು ತುರುಕಿ ಮುಗಿಸಿದರೆ, ಇವರು ಕೊನೆಯ ಎರಡು ಕಲ್ಲುಗಳನ್ನು ಅಳೆದು ಸಮಸಮ ಕತ್ತರಿಸಿ ಹಾಕುವವರು. ಚೂರು ಕಲ್ಲು ನಾಳೆ ಏಳುತ್ತದೆ, ಬೈಗುಳ ನನಗೆ ಬರುತ್ತದೆ ಎನ್ನುತ್ತಿದ್ದರು.

ಮಗಳು ಮಹಾದೇವಿ ತೊಟ್ಟಿಲಲ್ಲಿದ್ದಾಗ ಕಾಕಾ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಆಗ ಅವರಿಗೆ ಮೂವತ್ತನಾಲ್ಕು. ಕೂಸು ಒಂದಿಷ್ಟು ದೊಡ್ಡದಾಗಲಿ, ನಿನ್ನ ಕರೆದುಕೊಂಡು ಹೋಗಿ ಒಂದು ದಿನ ಪೂರ್ತಿ ಹೈದರಾಬಾದ್ ತೋರಿಸುತ್ತೇನೆ ಎಂದು ಚಿಗವ್ವನಿಗೆ ಹೇಳಿ ಹೋಗಿದ್ದರಂತೆ. ಒಂದು ವರ್ಷ ಸುದ್ದಿ ಇತ್ತು. ಆಮೇಲೆ ಇಲ್ಲ. ನನ್ನ ಅಪ್ಪ, ದೊಡ್ಡಪ್ಪ ಹೈದರಾಬಾದಿಗೆ ಹೋಗಿ ಜೀಡಿಮೆಟ್ಲಾದಿಂದ ಹಿಡಿದು ಮಿಯಾಪುರದವರೆಗೆ ಕೆಲಸ ನಡೆದಿದ್ದ ಕಟ್ಟಡಗಳನ್ನೆಲ್ಲ ಸುತ್ತಿದರು. ಆಸ್ಪತ್ರೆ ನೋಡಿದರು, ಠಾಣೆ ನೋಡಿದರು. ಮನುಷ್ಯನೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ.

ಚಿಗವ್ವ ತಾಳಿ ತೆಗೆಯಲಿಲ್ಲ. ಕುಂಕುಮ ಬಿಡಲಿಲ್ಲ. ಹಸಿರು ಬಳೆ ಒಡೆದರೆ ಸಂತೆಗೆ ಹೋಗಿ ಹೊಸದು ಇಡಿಸಿಕೊಂಡು ಬರುತ್ತಿದ್ದಳು. ಊಟಕ್ಕೆ ಕೂಡುವಾಗ ಮೊದಲು ಒಂದು ತಾಟು ಬಡಿಸಿ ಬದಿಗಿಡುತ್ತಿದ್ದಳು. ಹಿರಿಯರಿಗೆ ಎಡಿ ಹಿಡಿದಂಗ ಇದೇನು ಎಂದು ಯಾರೋ ಅಂದದ್ದಕ್ಕೆ, "ಎಡಿ ಸತ್ತವರಿಗಿ. ಇದು ತಾಟು. ತಡಾ ಆಗಿ ಬರವ್ರಿಗಿ" ಎಂದಿದ್ದಳು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಎತ್ತಲೇಬೇಕಾದ ದಿನ ಬಂದದ್ದು ಮಹಾದೇವಿಯ ಮದುವೆ ಗೊತ್ತಾದಾಗ. ಬೀಗರು ಒಂದೇ ಪ್ರಶ್ನೆ ಕೇಳಿ ಕಳಿಸಿದ್ದರು: ಹುಡುಗಿಯ ತಾಯಿ ಮುತ್ತೈದೆಯೋ ಅಲ್ಲವೋ, ಹೇಳಿಬಿಡಿ. ನಮ್ಮಲ್ಲಿ ಮಗಳನ್ನು ಕಳಿಸುವಾಗ ತಾಯಿ ಅವಳ ಉಡಿ ತುಂಬಬೇಕು. ಅದಕ್ಕೆ ಮುತ್ತೈದೆಯೇ ಆಗಬೇಕು. ದೊಡ್ಡಪ್ಪ ನನಗೆ ಫೋನ್ ಮಾಡಿದರು. "ನೀ ಆಕಿನ್ನ ಹೈದರಾಬಾದಿಗಿ ಕರಸ್ಕೊ. ಊರೆಲ್ಲಾ ತಿರುಗಿಸು. ಮನಸ್ಸು ಹಗುರ ಆದಾಗ ಮಾತಿನ್ಯಾಗ ಮಾತು ತಗದು ಹೇಳು, ಮದಿವಿ ಮೊದಲ ತಾಳಿ ತಗದ್ಬಿಡು ಅಂತ. ನೀ ಓದಿದಾಂವ, ನಿನ್ನ ಮಾತು ಕೇಳ್ತಾಳ." ನಾನು ಹೂಂ ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಎಂದೆ ಎಂದರೆ ಸುಳ್ಳಾಗುತ್ತದೆ. ಕಾಕಾ ಸತ್ತು ಎಷ್ಟೋ ವರ್ಷ ಆಗಿದೆ ಎಂದೇ ನಾನೂ ತಿಳಿದಿದ್ದೆ.

ಕರೆದ ಕೂಡಲೇ ಚಿಗವ್ವ ಬಂದಳು. ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಂದು ರಾತ್ರಿ ಮಲಗಿ, ಬೆಳಗಾಗುವ ಮೊದಲೇ ಎದ್ದು ರೊಟ್ಟಿ ಬಡಿದು ಗಂಟು ಕಟ್ಟಿಕೊಂಡು ತಯಾರಾಗಿ ಕೂತಿದ್ದಳು. ನನ್ನ ಹೆಂಡತಿಗೆ ಕೆಲಸವಿತ್ತು. ಹೊರಟವರು ನಾವಿಬ್ಬರೇ. ಇಬ್ಬರೇ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಚಾರ್‌ಮಿನಾರ್ ಹತ್ತಿರ ಇರಾನಿ ಹೋಟೆಲಿಗೆ ಹೋದೆವು. ನಾನು ಎರಡು ಚಹಾ ಹೇಳಿದೆ. ಬಂದದ್ದು ಮೂರು. "ದೋ ಬೋಲಾ ನಾ ಮಿಯಾ" ಎಂದು ಗದರಿದೆ. ತಂದಿಟ್ಟವನು ಅರವತ್ತರ ಮುದುಕ. ಟೇಬಲ್ಲನ್ನೊಮ್ಮೆ ನೋಡಿ, "ತೀನ್ ಲೋಗಾಂ ಹೈ ನಾ ಸಾಬ್", ಮೂರು ಜನ ಇದ್ದೀರಲ್ಲ, ಎಂದು ಇನ್ನೊಂದು ಟೇಬಲ್ಲಿಗೆ ಹೋದ. ಹೊಸಬರನ್ನು ಕಂಡರೆ ಒಂದು ಕಪ್ಪು ಜಾಸ್ತಿ ತಂದಿಡುವ ಉಪಾಯ ಇದು ಎಂದುಕೊಂಡೆ. ಚಿಗವ್ವ ಮೂರನೆಯ ಕಪ್ಪನ್ನು ಮೆಲ್ಲಗೆ ಸರಿಸಿ ಖಾಲಿ ಕುರ್ಚಿಯ ಮುಂದೆ ಇಟ್ಟಳು. ದಂಡ ಆಗಬಾರದೆಂದು ನಾನು ಅದನ್ನು ಎತ್ತಿ ಗಟಗಟ ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಚಾರ್‌ಮಿನಾರ್ ಮುಂದೆ ನಿಂತು ಎಲ್ಲರೂ ಕತ್ತು ಎತ್ತಿ ಮೇಲೆ ನೋಡಿದರೆ ಚಿಗವ್ವ ಕೆಳಗೆ ನೋಡುತ್ತಿದ್ದಳು. ಮಿನಾರು ನೋಡು, ಎಷ್ಟು ಎತ್ತರ ಐತಿ ಎಂದು ನಾನು ತೋರಿಸಿದರೆ, "ಐತಿ ಐತಿ" ಎಂದು ಒಂದು ಸಲ ಕಣ್ಣಾಡಿಸಿ ಮತ್ತೆ ನೆಲಕ್ಕೆ ಬಂದಳು. "ಈ ಕಲ್ಲು ಚಲೋ ಕೂಡಿಸಿಲ್ಲ ನೋಡು. ಸಂದು ಬಿಟ್ಟಾರ." ನಾಲ್ಕು ನೂರು ವರ್ಷದ ಇಮಾರತು ಬಿಟ್ಟು ಅವಳು ಕಾಲಡಿಯ ಹಾಸುಗಲ್ಲು ಪರೀಕ್ಷೆ ಮಾಡುತ್ತಿದ್ದಳು. ಅವಳು ಊರು ನೋಡಲು ಬಂದವಳಲ್ಲ, ಗಂಡನ ಕೈಕೆಲಸ ಹುಡುಕಲು ಬಂದವಳು ಎಂಬುದು ನನಗೆ ಆಗ ತಿಳಿಯಿತು. ಹೇಳಬೇಕಾದ ಮಾತನ್ನು ಇನ್ನೊಂದು ತಾಸು ಮುಂದೆ ಹಾಕಿದೆ.

ಅಲ್ಲಿಂದ ಟ್ಯಾಂಕ್ ಬಂಡ್. ಕೆರೆಯ ಏರಿಯ ಉದ್ದಕ್ಕೂ ನಿಂತ ಮೂರ್ತಿಗಳನ್ನು ನೋಡುತ್ತ ನಡೆದೆವು. ಇವರೆಲ್ಲ ಯಾರು ಎಂದು ಚಿಗವ್ವ ಕೇಳಿದಳು. ದೊಡ್ಡ ಕೆಲಸ ಮಾಡಿದವರು, ತೀರಿಹೋದ ಮೇಲೆ ನೆನಪಿಗೆ ನಿಲ್ಲಿಸಿದ್ದಾರೆ ಎಂದೆ. ಇದೇ ಸರಿಯಾದ ಹೊತ್ತು, ಸಾವಿನ ಮಾತು ತಾನಾಗಿಯೇ ಬಂತು ಎಂದು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಅಂದಳು: "ಸತ್ತಾರಂತ ಖಾತ್ರಿ ಆದಮ್ಯಾಲನ ನಿಲ್ಲಿಸ್ಯಾರಲ್ಲ ತಮ್ಮಾ? ಸುಮ್ನ ಅಂದಾಜಿನ ಮ್ಯಾಲ ಯಾರಿಗೂ ನಿಲ್ಲಿಸಿಲ್ಲಲ್ಲ?" ನಾನು ದೋಣಿಗಳ ಕಡೆಗೆ ಕೈ ತೋರಿಸಿದೆ.

ಕೆರೆಯ ನಡುವಿನ ಬುದ್ಧನ ಮೂರ್ತಿಗೆ ದೋಣಿಯಲ್ಲಿ ಹೋಗಬೇಕು. ದೋಣಿಯವನು ಹತ್ತುವವರಿಗೆಲ್ಲ ಲೈಫ್ ಜಾಕೆಟ್ ಕೊಡುತ್ತಿದ್ದ. ನಮ್ಮ ಸರದಿ ಬಂದಾಗ ಚಿಗವ್ವನಿಗೊಂದು, ನನಗೊಂದು ಕೊಟ್ಟು, ಮೂರನೆಯದನ್ನು ನನ್ನ ಭುಜದ ಆಚೆಗೆ ಚಾಚಿದ. ಯಾರೂ ಹಿಡಿಯದೆ ಅದು ಹಲಗೆಯ ಮೇಲೆ ಬಿತ್ತು. ಅವನು ತೆಲುಗಿನಲ್ಲಿ ಏನೋ ಗೊಣಗಿ ಅದನ್ನು ಎತ್ತಿ, ನಮ್ಮ ಪಕ್ಕದ ಸೀಟಿನ ಮೇಲೆ ಇಟ್ಟು ಹೋದ.

ಈಗ ನನ್ನ ಟಿ.ಸಿ. ಬುದ್ಧಿ ಎಚ್ಚರಾಯಿತು. ಒಂಟಿ ಮನುಷ್ಯ ಯಾವುದೋ ಕುಟುಂಬದ ಬೆನ್ನಿಗೆ ಅಂಟಿಕೊಂಡು, ಅವರ ಕಡೆಯವನೇ ಎಂಬಂತೆ ಗೇಟು ದಾಟುವುದು ನಮಗೆ ಹಳೆಯ ಆಟ. ಬೆಳಗಿನಿಂದ ಯಾವನೋ ನಮ್ಮ ಬೆನ್ನು ಹತ್ತಿದ್ದಾನೆ. ಚಿಗವ್ವನ ಕೊರಳಲ್ಲಿ ಬಂಗಾರದ ತಾಳಿ ಇದೆ, ಹಳ್ಳಿಯ ಹೆಂಗಸು, ಜನಸಂದಣಿ. ಇಷ್ಟು ಸಾಕಲ್ಲ? ನಾನು ಅಂಗಿಯ ಗುಂಡಿ ಹಾಕುವ ನೆಪದಲ್ಲಿ ತಿರುಗಿ ನೋಡಿದೆ. ಫೋನಿನಲ್ಲಿ ಫೋಟೋ ತೆಗೆಯುವಂತೆ ಮಾಡಿ, ಅದರ ಕನ್ನಡಿಯಂಥ ಗಾಜಿನಲ್ಲಿ ಹಿಂದಿನವರ ಮುಖ ನೋಡಿದೆ. ಒಂದು ಮುಖ ಎರಡನೆಯ ಸಲ ಕಂಡರೆ ನನಗೆ ಗೊತ್ತಾಗದೆ ಇರುವುದಿಲ್ಲ. ಒಂದೂ ಕಾಣಲಿಲ್ಲ.

ಮಧ್ಯಾಹ್ನಕ್ಕೆ ಕುತುಬ್ ಶಾಹಿ ಗೋರಿಗಳ ಹತ್ತಿರ ಬಂದೆವು. ಗೇಟಿನ ಹೊರಗೆ ಬೇವಿನ ಗಿಡದ ನೆರಳಲ್ಲಿ ಚಿಗವ್ವ ರೊಟ್ಟಿ ಗಂಟು ಬಿಚ್ಚಿದಳು. ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಪೇಪರಿನ ಮೇಲೆ ಬಡಿಸಿದಳು, ಮೂರು ಪಾಲು. ಮನೆಯಲ್ಲಿ ಬದಿಗಿಡುವ ತಾಟು ಇಲ್ಲೂ ಬಂದಿತ್ತು. ನೋಡಿದ ತಕ್ಷಣ ನನ್ನ ತಲೆಯಲ್ಲಿ ಲೈಟು ಹತ್ತಿತು. ಆಹಾ, ಕಳ್ಳಿ ಇಲ್ಲೇ ಇದ್ದಾಳೆ! ಇವಳೇ ನನ್ನ ಬೆನ್ನ ಹಿಂದೆ ಬೆರಳು ಎತ್ತಿ ಎಲ್ಲರಿಗೂ ಮೂರು ಎಂದು ತೋರಿಸುತ್ತಿದ್ದಾಳೆ. ದೊಡ್ಡಪ್ಪ ನನಗೆ ಒಪ್ಪಿಸಿದ ಕೆಲಸ ಇವಳಿಗೆ ಮೊದಲೇ ಗೊತ್ತಾಗಿದೆ, ಅದಕ್ಕೇ ಈ ನಾಟಕ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಿಟ್ಟಿಗಿಂತ ನೆಮ್ಮದಿಯೇ ಹೆಚ್ಚಾಯಿತು. ಕೊನೆಗೂ ಒಂದು ವಿವರಣೆ ಸಿಕ್ಕಿತ್ತು.

ಊಟ ಆದ ಮೇಲೆ ಬಲೆ ಹಾಕಿದೆ. "ಚಿಗವ್ವ, ನೀ ಇಲ್ಲೇ ಕುಂದ್ರು, ಮೊಣಕಾಲು ನೋಯಸ್ಕೋಬ್ಯಾಡ. ನಾ ಟಿಕೇಟ್ ತಗೊಂಡು ಬಂದು ಕರೀತೀನಿ" ಎಂದು ಅವಳನ್ನು ಅಲ್ಲೇ ಕೂಡಿಸಿ, ಕೌಂಟರಿಗೆ ಒಬ್ಬನೇ ಹೋದೆ. ಮಧ್ಯದಲ್ಲೊಂದು ಗೋಡೆ ಅಡ್ಡ ಇತ್ತು. ಅವಳಿಗೆ ಕೌಂಟರು ಕಾಣುವಂತಿರಲಿಲ್ಲ, ಕೌಂಟರಿನವನಿಗೆ ಅವಳು ಕಾಣುವಂತಿರಲಿಲ್ಲ. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನೆಲ್ಲ ನಾನು ಎರಡೆರಡು ಸಲ ಖಾತ್ರಿ ಮಾಡಿಕೊಂಡೆ. ಕಿಂಡಿಯ ಮುಂದೆ ನಿಂತು ಸ್ಪಷ್ಟವಾಗಿ ಎರಡು ಟಿಕೇಟು ಕೇಳಿದೆ, ಎರಡು ಬೆರಳು ಎತ್ತಿ ತೋರಿಸಿದೆ.

ಕಿಂಡಿಯ ಒಳಗಿನ ಕನ್ನಡಕದವನು ತಲೆಯೆತ್ತಿದ. ಲೆಕ್ಕ ಸರಿಯಾಯಿತು ಎಂಬಂತೆ ತಲೆಯಾಡಿಸಿ ಎರಡು ಟಿಕೇಟು ಹರಿದು ಕಿಂಡಿಯಿಂದ ದೂಡಿದ. ನನ್ನ ಎದೆ ಹಗುರಾಯಿತು. ಸಿಕ್ಕಿಬಿದ್ದಳು ಚಿಗವ್ವ! ತಿರುಗಿ ಹೊರಟವನನ್ನು ನೋಡಿ ಅವನು ಕರೆದ. "ಎರಡೇ ಸಾಕಾ ಸಾಬ್? ಹಿಂದೆ ಇನ್ನೂ ಯಾರಾದರೂ ಬರುವವರಿದ್ದಾರಾ, ಇಲ್ಲಾ ನೀವಿಬ್ಬರೇನಾ?" ಎಂದು ಉರ್ದುವಿನಲ್ಲಿ ಕೇಳಿದ. ಇಬ್ಬರೇ, ನಮ್ಮ ಚಿಗವ್ವ ಗಿಡದ ಕೆಳಗೆ ಕೂತಿದ್ದಾಳೆ ಎಂದೆ. ಅವನು ಹುಬ್ಬು ಗಂಟಿಕ್ಕಿ, "ಹಾಗಾದರೆ ಮೂರು ಆಯಿತಲ್ಲ. ನೀವು, ನಿಮ್ಮ ಜೊತೆ ನಿಂತವರು, ಆಮೇಲೆ ಅಮ್ಮ" ಎಂದ.

ನಾನು ಸರ್ರನೆ ತಿರುಗಿದೆ. ಬಿಸಿಲು, ಬಿಳಿ ನೆಲ, ನನ್ನ ನೆರಳು. ಯಾರು, ಎಲ್ಲಿ, ಹೇಗಿದ್ದರು ಎಂದು ಕಿಂಡಿಯೊಳಗೆ ತಲೆ ತೂರಿಸಿ ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಹೊರಗೆ ಇಣುಕಿದ. "ಚಲೇ ಗಯೇ ಶಾಯದ್" ಎಂದ. ಹೋದರೇನೋ ಅಂತೆ! ಅವನಿಗೆ ಅದು ಅಷ್ಟಕ್ಕೇ ಮುಗಿದ ಮಾತು. ಹಿಂದೆ ಬೇರೆ ಜನ ಬಂದು ನಿಂತಿದ್ದರು, ನಾನು ಸರಿಯಲೇಬೇಕಾಯಿತು. ಮೈ ಬೆವರಿತ್ತು. ಬಿಸಿಲಿಗೆ ಎಂದುಕೊಂಡೆ.

ಒಳಗೆ ಗುಮ್ಮಟಗಳ ಕೆಳಗೆ ತಣ್ಣಗಿತ್ತು. ಚಿಗವ್ವ ಗೋರಿಗಳ ಮುಂದೆ ಕೈಮುಗಿದು, ಮತ್ತೆ ನೆಲ ನೋಡುತ್ತ ಹೊರಟಳು. ತೋಟದ ಕಡೆಗೆ, ಈಚೆಗೆ ರಿಪೇರಿ ಆದಂತಿದ್ದ ಒಂದು ಕಟ್ಟೆ. ಅದರ ಮೂಲೆಯಲ್ಲಿ ಗಕ್ಕನೆ ನಿಂತು ಕುಕ್ಕರುಗಾಲಲ್ಲಿ ಕೂತಳು. ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟಳು. ಮೂಲೆಯಲ್ಲಿ ಚೂರು ಕಲ್ಲು ಇರಲಿಲ್ಲ. ಕೊನೆಯ ಎರಡು ಫರಸಿ ಸಮಸಮ ಇದ್ದವು. "ಇದು ಅವ್ರ ಕೈ" ಎಂದಳು. ಅವಳ ಕಣ್ಣು ತುಂಬಿತ್ತು. ಒಳ್ಳೆ ಗೌಂಡಿ ಯಾರೇ ಆದರೂ ಹೀಗೇ ಹಾಕುತ್ತಾನೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಕಟ್ಟೆ ಯಾವಾಗ ಕಟ್ಟಿದ್ದೋ, ರಿಪೇರಿ ಯಾವಾಗ ಆದದ್ದೋ ನನಗೇನು ಗೊತ್ತು? ಇಂದಿಗೂ ಗೊತ್ತಿಲ್ಲ.

ಇನ್ನು ತಡ ಮಾಡಿದರೆ ನನ್ನಿಂದ ಆಗುವುದಿಲ್ಲ ಎನಿಸಿತು. ಅಲ್ಲೇ ಪಕ್ಕದಲ್ಲಿ ಕೂತು, "ಚಿಗವ್ವ, ದೊಡ್ಡಪ್ಪ ನಿನಗೊಂದು ಮಾತು ಹೇಳಂದಾರ" ಎಂದು ಶುರು ಮಾಡಿದೆ. ಅವಳು ಕಲ್ಲಿನ ಮೇಲಿನ ಕೈ ತೆಗೆಯಲಿಲ್ಲ. "ಗೊತ್ತೈತಿ. ಅದಕ್ಕ ಕರಸೀ ಅಂತ ಬಸ್ ಹತ್ತೂವಾಗನ ಗೊತ್ತಿತ್ತು. ಊರು ಪೂರಾ ನೋಡೂದು ಆಗ್ಲಿ. ಮನಿ ಮುಟ್ಟೂದ್ರಾಗ ನಾನ ಹೇಳ್ತೀನಿ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೊನೆಯದು ಗೋಲ್ಕೊಂಡ. ಕೋಟೆಯ ಬಾಗಿಲಲ್ಲಿ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ಹೊಡೆದರೆ ಎಷ್ಟೋ ದೂರ ಮೇಲೆ, ಗುಡ್ಡದ ತುದಿಯಲ್ಲಿ ಕೇಳಿಸುತ್ತದೆ. ಹೋದವರೆಲ್ಲ ಹೊಡೆಯುತ್ತಾರೆ, ಅಲ್ಲಿ ಸದಾ ಪಟಪಟ ಸದ್ದು. ಒಬ್ಬ ಗೈಡು ನಮ್ಮ ಹತ್ತಿರ ಬಂದು, ಚಿಗವ್ವನ ಮೊಣಕಾಲು ನೋಡಿ ಹಿಂದಿಯಲ್ಲಿ ಹೇಳಿದ: ಅಮ್ಮ ಇಲ್ಲೇ ಕೂತು ಚಪ್ಪಾಳೆ ಹೊಡೆಯಲಿ, ನೀವಿಬ್ಬರೂ ಮೇಲೆ ಹೋಗಿ ಕೇಳಿ.

ಬೆಳಗಿನಿಂದ ತಡೆದುಕೊಂಡದ್ದು ಅಲ್ಲಿ ಒಡೆಯಿತು. ಯಾವ ಇಬ್ಬರು, ಯಾರು ಇಬ್ಬರು, ನಿನಗೆ ಯಾರು ಹೇಳಿಕೊಟ್ಟರು ಎಂದು ನಾನು ಆ ಬಡಪಾಯಿಯ ಮೈಮೇಲೆ ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ನನ್ನನ್ನೂ ನನ್ನ ಪಕ್ಕವನ್ನೂ ನೋಡಿ, "ಗಲತಿ ಹೋ ಗಯೀ ಸಾಬ್", ತಪ್ಪಾಯಿತು, ಎಂದು ಕೈಮುಗಿದು ಹೊರಟೇ ಹೋದ. ಜನ ನಿಂತು ನೋಡುತ್ತಿದ್ದರು. ನಾನು ಚಿಗವ್ವನ ಕಡೆ ತಿರುಗಿ, ನೀನೇ ಎಲ್ಲರಿಗೂ ಸನ್ನೆ ಮಾಡಾಕತ್ತೀ, ನನಗ ಗೊತ್ತಾಗಂಗಿಲ್ಲೇನು ಎಂದು ಕೂಗಿದೆ. ಕೌಂಟರಿನ ಸಂಗತಿ ನೆನಪಿದ್ದೂ ಕೂಗಿದೆ. ಅವಮಾನ ಎನ್ನುವುದು ಅಷ್ಟು ಕೆಟ್ಟದ್ದು.

ಚಿಗವ್ವ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಮುಂಜಾನಿಂದ ಇಷ್ಟು ಮಂದಿ ಮೂರು ಅನ್ನಾಕತ್ತಾರ. ನೀ ಒಬ್ಬಾಂವ ಎರಡು ಅನ್ನಾಕತ್ತಿ. ಸುಳ್ಳು ಯಾರ್ದು ತಮ್ಮಾ?"

ನಾನು ತಿರುಗಿ ಹೊರಬಾಗಿಲ ಕಡೆ ನಡೆದೆ. ಸಾವಿರಾರು ಪ್ರಯಾಣಿಕರ ಬಾಯಿ ಮುಚ್ಚಿಸಿದವನು ನಾನು.

ವಾಪಸು ಬರಲು ಲೋಕಲ್ ರೈಲು ಹತ್ತಿದೆವು. ಬಿಸಿಲು ಇನ್ನೂ ಇಳಿದಿರಲಿಲ್ಲ, ಆದರೆ ಆಫೀಸು ಬಿಡುವ ಹೊತ್ತು. ಡಬ್ಬಿ ತುಂಬಿ ತುಳುಕುತ್ತಿತ್ತು. ಯಾರೋ ಪುಣ್ಯಾತ್ಮರು ಎದ್ದು ಚಿಗವ್ವನಿಗೆ ಸೀಟು ಕೊಟ್ಟರು. ಎದುರಿಗೆ ನನಗೂ ಒಂದು ಸಿಕ್ಕಿತು. ಚಿಗವ್ವನ ಪಕ್ಕದಲ್ಲಿ, ಕಿಟಕಿಯ ಹತ್ತಿರ, ಒಬ್ಬರು ಕೂಡುವಷ್ಟು ಜಾಗ ಖಾಲಿ ಇತ್ತು. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ ಅದು ಖಾಲಿ ಇತ್ತು. ಜನ ಬರುತ್ತಿದ್ದರು, ಆ ಕಡೆ ನೋಡುತ್ತಿದ್ದರು, ಕೂತವರ ಕಾಲು ತುಳಿಯದಂತೆ ಸರಿದು ನಿಲ್ಲುತ್ತಿದ್ದರು. ಮೂರು ಸ್ಟೇಷನ್ನು ಕಳೆದರೂ ಯಾರೂ ಕೂಡಲಿಲ್ಲ.

ಅಷ್ಟರಲ್ಲಿ ಟಿ.ಸಿ. ಬಂದಳು. ಆ ವರ್ಷವೇ ಕೆಲಸಕ್ಕೆ ಸೇರಿದ ತೆಲುಗು ಹೆಣ್ಣುಮಗಳು. ನನ್ನನ್ನು ಗುರುತಿಸಿ ನಕ್ಕು, ನಮಸ್ತೆ ಸರ್ ಎಂದಳು. ನಾನು ನನ್ನ ಪಾಸು, ಚಿಗವ್ವನ ಟಿಕೇಟು ತೋರಿಸಿದೆ. ಅವಳು ಎರಡನ್ನೂ ನೋಡಿ ಕೊಟ್ಟು, ಕಿಟಕಿಯ ಕಡೆ ಗದ್ದ ತಿರುಗಿಸಿ, "ಮರಿ ಆಯನದಿ ಸರ್?" ಎಂದಳು. ಹಾಗಾದರೆ ಅವರದು?

ನಾನು ಚಿಗವ್ವನನ್ನು ನೋಡಿದೆ. ಅವಳ ಎರಡು ಕೈಯೂ ಮಡಿಲಿನ ರೊಟ್ಟಿ ಗಂಟಿನ ಮೇಲಿದ್ದವು. ಯಾವ ಬೆರಳೂ ಎದ್ದಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು, ಬೆಳಗ್ಗೆ ಮೂರನೆಯ ಚಹಾ ಕುಡಿದಾಗ ನೋಡಿದಂತೆಯೇ. ಎರಡು ಎಂದು ಇನ್ನೊಂದು ಸಲ ಅಂದರೆ ಸಾಕು, ಆ ತಾಳಿ ಅಲ್ಲೇ ನನ್ನ ಕೈಗೆ ಬರುತ್ತದೆ ಎನಿಸಿತು. ಹಾಗೆ ಯಾಕೆ ಎನಿಸಿತು ಎಂದು ಕೇಳಬೇಡಿ.

"ಟಿಕೇಟು ತೆಗೆಯಲಿಲ್ಲ. ದಂಡ ಹಾಕಮ್ಮ" ಎಂದೆ.

ಆ ಹೆಣ್ಣುಮಗಳಿಗೆ ಗಾಬರಿ. ಅಯ್ಯೋ ಪರವಾಗಿಲ್ಲ ಸರ್, ನಿಮ್ಮವರಲ್ಲವಾ ಎಂದಳು. ನಮ್ಮವರಾದರೇನು, ರೂಲು ರೂಲೇ ಎಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ದಂಡ ಕಟ್ಟಿದ್ದು ಅದೊಂದೇ ಸಲ. ಅವಳು ಪುಸ್ತಕ ತೆಗೆದು, ಹೊಸಬರ ಹುರುಪಿನಲ್ಲಿ ಎಲ್ಲ ಕಾಲಮ್ಮು ತುಂಬಲು ಹೊರಟಳು. ಅವರ ಹೆಸರು ಏನೆಂದು ನೇರ ಚಿಗವ್ವನನ್ನೇ ಕೇಳಿದಳು.

ಚಿಗವ್ವ ತಲೆ ತಗ್ಗಿಸಿದಳು. ಐವತ್ತರ ಹತ್ತಿರದ ಹೆಂಗಸು, ಹೊಸ ಮದುಮಗಳಂತೆ ಕೆಂಪಾದಳು. "ನೀ ಹೇಳಪ್ಪ ತಮ್ಮಾ. ನಾ ಹೆಂಗ ಹೇಳ್ಲಿ?"

ನಮ್ಮ ಕಡೆ ಮುತ್ತೈದೆ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಗಂಡ ಸತ್ತ ಮೇಲೆ ಆ ಹೆದರಿಕೆ ಎಲ್ಲಿಯದು, ಆಫೀಸು ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಮನೆ ಮುಟ್ಟುವುದರೊಳಗೆ ಹೇಳುತ್ತೇನೆ ಎಂದಿದ್ದಳಲ್ಲ, ಇದೇ ಅವಳ ಉತ್ತರ. ದೊಡ್ಡಪ್ಪನಿಗೂ, ಬೀಗರಿಗೂ, ನನಗೂ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ವರ್ಷಗಳಾಗಿದ್ದ ಹೆಸರನ್ನು ನಾನು ಆ ರೈಲಿನಲ್ಲಿ ಜೋರಾಗಿ ಹೇಳಿದೆ. ಶರಣಪ್ಪ.

ಟಿ.ಸಿ. ಬರೆದುಕೊಂಡು, ವಯಸ್ಸು ಕೇಳಿದಳು.

ನಾನು ತಡವರಿಸಿದೆ. ನನ್ನ ಮನಸ್ಸಿನಲ್ಲಿ ಕಾಕಾ ಎಂದರೆ ಮೂವತ್ತನಾಲ್ಕೇ. ಅದಕ್ಕಿಂತ ಮುಂದೆ ನಾನು ಅವರನ್ನು ಬೆಳೆಯಲು ಬಿಟ್ಟೇ ಇರಲಿಲ್ಲ. ಈ ಸಲ ಚಿಗವ್ವ ತಾನೇ ಹೇಳಿದಳು, ಒಂದು ಕ್ಷಣವೂ ಯೋಚಿಸದೆ. "ಐವತ್ತೇಳು. ಶ್ರಾವಣಕ್ಕ ಐವತ್ತೆಂಟು ಆಗ್ತಾವ." ನಾನು ತೆಲುಗಿನಲ್ಲಿ ಐವತ್ತೇಳು ಎಂದು ದಾಟಿಸಿದೆ.

ಆ ಹೆಣ್ಣುಮಗಳು ಕಿಟಕಿಯ ಕಡೆ ನೋಡಿದಳು. ಪೆನ್ನು ಒಂದು ಕ್ಷಣ ನಿಂತಿತು. ಮತ್ತೊಮ್ಮೆ ನೋಡಿದಳು. ಆಮೇಲೆ, ಹಿರಿಯರ ಜೊತೆ ವಾದ ಯಾಕೆ ಎಂಬಂತೆ, ಐವತ್ತೇಳು ಎಂದು ಬರೆದು, ರಸೀದಿ ಹರಿದು ನನ್ನ ಕೈಗಿತ್ತು ಮುಂದಿನ ಸೀಟಿಗೆ ಹೋದಳು.

ದೊಡ್ಡಪ್ಪನಿಗೆ ಅಂದೇ ಫೋನ್ ಮಾಡಿದೆ. ಚಿಗವ್ವ ಮುತ್ತೈದೆ, ಬೀಗರಿಗೆ ಹಾಗೇ ಹೇಳಿರಿ, ಯಾರಾದರ ತಕರಾರಿದ್ರ ನನ್ನ ಹತ್ರ ಕಳಸ್ರಿ ಎಂದೆ. ಅವರು ರೇಗಿದರು, ಆಮೇಲೆ ಬೀಗರಿಗೆ ಹಾಗೇ ಹೇಳಿ ಕಳಿಸಿದರು. ಮದುವೆಯಲ್ಲಿ ಚಿಗವ್ವ ಮಗಳ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಹಾಕುವಾಗ ಅವಳ ಹಸಿರು ಬಳೆಗಳು ಸದ್ದು ಮಾಡುತ್ತಿದ್ದವು. ನಾನು ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಈಗಲೂ ಊಟಕ್ಕೆ ಕೂಡುವ ಮೊದಲು ಅವಳು ತಾಟು ಬದಿಗಿಡುತ್ತಾಳೆ. ನಾನು ಊರಿಗೆ ಹೋದಾಗ ನಾನೇ ಅದಕ್ಕೆ ನೀರು ತಂದಿಡುತ್ತೇನೆ.

ಆದರೆ ಆ ಪೆನ್ನು ನಿಂತದ್ದನ್ನು ನಾನು ಚಿಗವ್ವನಿಗೆ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ. ಆ ತಡೆಯುವಿಕೆ ನನಗೆ ಚೆನ್ನಾಗಿ ಗೊತ್ತು. ಹೇಳಿದ ವಯಸ್ಸಿಗೂ ಕಣ್ಣೆದುರಿನ ಮುಖಕ್ಕೂ ತಾಳೆಯಾಗದಿದ್ದಾಗ ನಾವು ಟಿ.ಸಿ.ಗಳು ಹಾಗೆಯೇ ಪೆನ್ನು ಹಿಡಿದು ತಡೆಯುತ್ತೇವೆ, ಎರಡನೆಯ ಸಲ ನೋಡುತ್ತೇವೆ. ಮಡಿಲಲ್ಲಿ ಮುದುಡಿದ ಹನ್ನೆರಡರ ಹುಡುಗಿಯರ ಮುಂದೆ ನಾನು ಹಾಗೆ ಸಾವಿರ ಸಲ ತಡೆದಿದ್ದೇನೆ. ಆ ಟಿ.ಸಿ. ಹೆಣ್ಣುಮಗಳು ಕಿಟಕಿಯ ಹತ್ತಿರ ನೋಡಿದ್ದು ಎಷ್ಟು ವಯಸ್ಸಿನವರನ್ನು? ತಲೆ ನೆರೆದ ಐವತ್ತೇಳನ್ನೋ, ಇನ್ನೂ ಮೂವತ್ತನಾಲ್ಕರಲ್ಲೇ ನಿಂತವರನ್ನೋ? ಅಥವಾ ಯಾರೂ ಇರಲಿಲ್ಲವೋ, ಇಡೀ ದಿನ ಐದಾರು ಜನರ ಕಣ್ಣು ಸುಮ್ಮನೆ ತಪ್ಪಿತೋ?

ಅವಳು ಈಗಲೂ ನಮ್ಮ ಡಿವಿಜನ್ನಿನಲ್ಲೇ ಇದ್ದಾಳೆ. ವಾರಕ್ಕೆ ಎರಡು ಸಲವಾದರೂ ಎದುರಾಗುತ್ತಾಳೆ, ನಮಸ್ತೆ ಸರ್ ಎನ್ನುತ್ತಾಳೆ. ಒಂದು ಮಾತು ಕೇಳಿದರೆ ಮುಗಿಯುತ್ತದೆ. ಸಿಕ್ಕ ಸಿಕ್ಕವರನ್ನೆಲ್ಲ ತಡೆದು ಕೇಳುವುದೇ ಹೊಟ್ಟೆಪಾಡಾದ ನಾನು ಅವಳನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ರಸೀದಿ ನನ್ನ ಪಾಸಿನ ಹಿಂದೆ ಮಡಚಿ ಇದೆ. ಹೆಸರು ಶರಣಪ್ಪ, ವಯಸ್ಸು ಐವತ್ತೇಳು. ಚಿಗವ್ವ ಇರುವವರೆಗೂ ಅದು ಹಾಗೇ ಇರಲಿ.